ಯಹೂದಿಗಳಿಗೆ ಪ್ಯಾಲೆಸ್ಟೈನ್ ಬಿಟ್ಟು ಬೇರೆ ಜಾಗ ಸಾಧ್ಯವಿತ್ತಾ? ಉಗಾಂಡಾ, ಅರ್ಜೆಂಟೀನಾ, ಬಿರೊಬಿಜಾನ್ ಕತೆಗಳು

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ಇಸ್ರೇಲ್–ಪ್ಯಾಲೆಸ್ಟೈನ್ ಮಾತು ಬಂದಾಗಲೆಲ್ಲ ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಯಹೂದಿಗಳಿಗೆ ಬೇರೆ ಎಲ್ಲಾದರೂ ಜಾಗ ಕೊಟ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ, ಅಲ್ವಾ?" ಎರಡು ಸಾಲಿನಲ್ಲಿ ಉತ್ತರಿಸುವ ವಿಷಯ ಅಲ್ಲ ಅದು. ಅದಕ್ಕೇ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ.

ಇದು ನಮಗೆ ಇವತ್ತು ಹೊಳೆದ ಪ್ರಶ್ನೆಯಲ್ಲ. ಜಿಯೋನಿಸಂ, ಅಂದರೆ ಯಹೂದಿಗಳಿಗೆ ತಮ್ಮದೇ ನೆಲೆ ಬೇಕೆನ್ನುವ ಚಳವಳಿ, ಹುಟ್ಟಿದಾಗಿನಿಂದ ಅದರ ಒಳಗೇ ಈ ವಾದ ನಡೆದಿತ್ತು. 1881ರಲ್ಲಿ ರಷ್ಯಾದ ಜಾರ್ ಚಕ್ರವರ್ತಿಯ ಕೊಲೆಯಾಯಿತು. ಅದರ ಬೆನ್ನಿಗೇ ಯಹೂದಿಗಳ ಮನೆ, ಅಂಗಡಿಗಳ ಮೇಲೆ ದಾಳಿ ಶುರುವಾಯಿತು. ಮರುವರ್ಷ ಒಡೆಸ್ಸಾದ ವೈದ್ಯ ಲಿಯೊನ್ ಪಿನ್ಸ್ಕರ್ ಒಂದು ಕಿರುಪುಸ್ತಕ ಬರೆದು, ಯಹೂದಿಗಳಿಗೆ ತಮ್ಮದೇ ನೆಲ ಬೇಕು ಎಂದರು. ಅದು ಪ್ಯಾಲೆಸ್ಟೈನೇ ಆಗಬೇಕೆಂದು ಅವರು ಹಟ ಹಿಡಿಯಲಿಲ್ಲ. 1896ರಲ್ಲಿ, ಮುಂದೆ ಈ ಚಳವಳಿಯ ನಾಯಕರಾದ ಥಿಯೊಡೋರ್ ಹರ್ಟ್ಸಲ್ ತಮ್ಮ ಪುಸ್ತಕದಲ್ಲಿ ನೇರವಾಗಿಯೇ ಕೇಳಿದರು: ಪ್ಯಾಲೆಸ್ಟೈನೋ, ಅರ್ಜೆಂಟೀನಾವೋ? ಮರುವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ ಕಾಂಗ್ರೆಸ್ ಸೇರಿದಾಗ ಗುರಿ ಪ್ಯಾಲೆಸ್ಟೈನ್ ಎಂದಾಯಿತು. ಆದರೂ ಪ್ರಶ್ನೆ ಮುಗಿಯಲಿಲ್ಲ.

1903ರ ಏಪ್ರಿಲ್‌ನಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೆವ್ ಊರಿನಲ್ಲಿ 49 ಯಹೂದಿಗಳನ್ನು ಕೊಂದರು. ಜನರನ್ನು ಎಲ್ಲಿಗಾದರೂ ಸರಿ, ಬೇಗ ಸಾಗಿಸಬೇಕು ಎಂದು ಹರ್ಟ್ಸಲ್‌ಗೆ ಅನಿಸಿತು. ಅಷ್ಟರಲ್ಲಿ ಬ್ರಿಟಿಷ್ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್ ಪೂರ್ವ ಆಫ್ರಿಕಾದಲ್ಲಿ 5,000 ಚದರ ಮೈಲಿ ಜಾಗ ಕೊಡಬಹುದು ಎಂದರು. ಹೆಚ್ಚುಕಡಿಮೆ ನಮ್ಮ ಬೆಳಗಾವಿ ಜಿಲ್ಲೆಯಷ್ಟು. ಎಲ್ಲರೂ ಇದನ್ನು 'ಉಗಾಂಡಾ ಯೋಜನೆ' ಅನ್ನುತ್ತಾರೆ. ಆದರೆ ಆ ಜಾಗ ಇರುವುದು ಈಗಿನ ಕೀನ್ಯಾದಲ್ಲಿ.

ಆಗಸ್ಟ್‌ನಲ್ಲಿ ಬಾಸೆಲ್‌ನಲ್ಲಿ ಆರನೇ ಕಾಂಗ್ರೆಸ್ ಸೇರಿತು. ಆ ಜಾಗ ನೋಡಿ ಬರಲು ಒಂದು ತಂಡ ಕಳಿಸೋಣವೇ ಅನ್ನುವುದಷ್ಟೇ ಠರಾವು. ಪರವಾಗಿ 295 ಮತ, ವಿರುದ್ಧ 178. ಹರ್ಟ್ಸಲ್ ಗೆದ್ದರು. ಆದರೆ ರಷ್ಯಾದಿಂದ ಬಂದ ಪ್ರತಿನಿಧಿಗಳು ಎದ್ದು ಹೊರನಡೆದರು. ಕೆಲವರು ನೆಲದ ಮೇಲೆ ಕೂತು ಅತ್ತರು, ಜೆರುಸಲೇಮಿನ ದೇವಾಲಯ ಬಿದ್ದ ದಿನ ಶೋಕ ಆಚರಿಸುವ ಹಾಗೆ. ಕಿಶಿನೆವ್‌ನಿಂದ ಬಂದವರೂ ಬೇಡ ಎಂದೇ ಮತ ಹಾಕಿದರು. ಮನೆ ಸುಟ್ಟುಕೊಂಡವರೇ ಆಸರೆ ಬೇಡ ಎಂದರಲ್ಲ ಎಂದು ಹರ್ಟ್ಸಲ್‌ಗೆ ನಂಬಲಾಗಲಿಲ್ಲ. ಸಭೆ ಮುಗಿಸುವಾಗ ಅವರು ಬಲಗೈ ಎತ್ತಿ, "ಜೆರುಸಲೇಮೇ, ನಿನ್ನನ್ನು ಮರೆತರೆ ನನ್ನ ಬಲಗೈ ಮರೆಯಾಗಲಿ" ಎಂಬ ಕೀರ್ತನೆಯ ಸಾಲು ಹೇಳಬೇಕಾಯಿತು. ಮುಂದಿನ ವರ್ಷ ಜುಲೈನಲ್ಲಿ ಅವರು ತೀರಿಹೋದರು. ವಯಸ್ಸು ಬರೀ 44.

'ಬೇರೆ ಎಲ್ಲಾದರೂ' ಅನ್ನುವುದಕ್ಕೆ ನಿಜವಾಗಿ ಬೆಲೆ ತೆತ್ತು ನೋಡಿದವರಿದ್ದರು. ಅವರ ಕತೆ ತಿಳಿಯದೆ ನಾವು ಭೂಪಟದ ಮೇಲೆ ಬೆರಳಿಟ್ಟು "ಅಲ್ಲಿ ಕೊಡಬಹುದಿತ್ತು" ಅನ್ನುವುದು ನ್ಯಾಯವಲ್ಲ. ನಿಮಗೆ ಗೊತ್ತಿರುವುದನ್ನೂ ಬರೆಯಿರಿ.

ನೈರೋಬಿ_ಕನ್ನಡಿಗ

ಮೇಡಂ, ನೀವು ಹೇಳಿದ ಜಾಗಕ್ಕೆ ನಾನು ಕೆಲಸದ ಮೇಲೆ ಹೋಗಿಬರುತ್ತಿರುತ್ತೇನೆ. ಅದು ಊಆಸಿನ್ ಗಿಶು ಪ್ರಸ್ಥಭೂಮಿ. ಈಗ ಅಲ್ಲಿನ ದೊಡ್ಡ ಊರು ಎಲ್ಡೊರೆಟ್. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್ ಮೇಲಿದೆ. ಸಮಭಾಜಕ ವೃತ್ತದ ಹತ್ತಿರವೇ ಇದ್ದರೂ ಬೆಳಿಗ್ಗೆ ಸ್ವೆಟರ್ ಇಲ್ಲದೆ ಆಗುವುದಿಲ್ಲ. ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಗೋಧಿ, ಹಾಲು ಕರೆಯುವ ಹಸುಗಳು. ಲಂಡನ್ನಿನ ಮಂತ್ರಿಗೆ "ಇದು ಯುರೋಪಿನವರಿಗೆ ಒಗ್ಗುವ ಹವೆ" ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದು ಖಾಲಿ ಜಾಗ ಆಗಿರಲಿಲ್ಲ. ಆ ಹೆಸರೇ ಮಸಾಯಿ ಜನರ ಒಂದು ಪಂಗಡದ್ದು. ಪಕ್ಕದಲ್ಲೇ ನಂದಿ ಜನ. ಇವರು ಬ್ರಿಟಿಷರ ವಿರುದ್ಧ ಹತ್ತು ವರ್ಷ ಬಡಿದಾಡಿದರು, ರೈಲು ಹಳಿ ಹಾಕುವವರ ಮೇಲೆ ಬಿದ್ದರು, ಟೆಲಿಗ್ರಾಫ್ ತಂತಿ ಕಿತ್ತರು. 1905ರ ಅಕ್ಟೋಬರ್‌ನಲ್ಲಿ ಸಂಧಿ ಮಾತುಕತೆಗೆ ಎಂದು ಕರೆಸಿ ಅವರ ನಾಯಕ ಕೊಯಿಟಾಲೆಲ್ ಸಮೊಯಿಯನ್ನು ಒಬ್ಬ ಬ್ರಿಟಿಷ್ ಅಧಿಕಾರಿ ಗುಂಡಿಟ್ಟು ಕೊಂದ. ಜಿಯೋನಿಸ್ಟರ ತಂಡ ಇಲ್ಲಿ ಓಡಾಡಿದ್ದು ಅದೇ ವರ್ಷದ ಆರಂಭದಲ್ಲಿ. ಯಹೂದಿಗಳು ಬಂದು ನೆಲೆಸಿದ್ದರೆ ಆ ಯುದ್ಧದ ನಡುವೆಯೇ ಬೇಲಿ ಹಾಕಬೇಕಿತ್ತು.

ಇನ್ನೊಂದು ಮಾತು. ಚೇಂಬರ್ಲಿನ್‌ಗೆ ಈ ಯೋಚನೆ ಬಂದದ್ದೇ ಇಲ್ಲಿನ ರೈಲಿನಲ್ಲಿ ಹೋಗುವಾಗ. ಆ ಹಳಿ ಹಾಕಿದವರು ಭಾರತದಿಂದ ಕರೆತಂದ ಸುಮಾರು 32 ಸಾವಿರ ಕೂಲಿಕಾರರು. ಜಾಸ್ತಿ ಜನ ಪಂಜಾಬಿನವರು. ಅವರಿಗೆ ಇಲ್ಲಿನ ಎತ್ತರದ ಹೊಲಗಳಲ್ಲಿ ಭೂಮಿ ಕೊಳ್ಳಲು ಬಿಡಲಿಲ್ಲ. ಅದನ್ನು ಬಿಳಿಯರಿಗೆ ಕಾದಿಟ್ಟರು. ಯಹೂದಿಗಳು ಬೇಡ ಎಂದ ಮೇಲೆ, 1908ರಲ್ಲಿ ದಕ್ಷಿಣ ಆಫ್ರಿಕಾದಿಂದ ಬೋಯರ್ (ಡಚ್ ಮೂಲದ ಬಿಳಿಯ ರೈತರು) ಕುಟುಂಬಗಳು ಎತ್ತಿನ ಗಾಡಿ ಹೊಡೆದುಕೊಂಡು ಬಂದು ಇದೇ ನೆಲದಲ್ಲಿ ಕೂತವು.

ಹಳೇಬೀಡಿನ_ಪುಟ್ಟ

ಒಳ್ಳೆ ಚರ್ಚೆ. ಒಂದು ಅನುಮಾನ. ಪ್ಯಾಲೆಸ್ಟೈನೇ ಬೇಕು ಅಂದವರು ಧರ್ಮಶ್ರದ್ಧೆಯವರು, ಬೇರೆ ಜಾಗ ಆಗಬಹುದು ಅಂದವರು ಧರ್ಮ ನಂಬದವರು ಅಂದುಕೊಂಡಿದ್ದೆ. ಹಾಗೇನಾ?

ಶರಾವತಿ_ತೀರ

@ಹಳೇಬೀಡಿನ_ಪುಟ್ಟ ಇಲ್ಲಪ್ಪ, ನಡೆದದ್ದು ಹೆಚ್ಚೂ ಕಡಿಮೆ ತಿರುವುಮುರುವು. ಧಾರ್ಮಿಕ ಜಿಯೋನಿಸ್ಟರ 'ಮಿಜ್ರಾಹಿ' ಗುಂಪಿನವರು ಪೂರ್ವ ಆಫ್ರಿಕಾದ ಪರ ನಿಂತರು. ಅವರ ನಾಯಕ ರಬ್ಬಿ (ಯಹೂದಿ ಧರ್ಮಗುರು) ರೈನೆಸ್‌ಗೆ ಮೊದಲು ಜೀವ ಉಳಿಯಬೇಕಿತ್ತು. ಹೀಬ್ರೂವನ್ನು ದಿನಬಳಕೆಯ ಮಾತಾಗಿಸಲು ಜೀವ ತೇಯ್ದ ಎಲಿಯೇಜರ್ ಬೆನ್-ಯೆಹೂದಾ ಜೆರುಸಲೇಮಿನಲ್ಲೇ ಮನೆ ಮಾಡಿದ್ದವರು. ಅವರೂ ಈ ಯೋಜನೆಯ ಪರ. ಬೇಡ ಎಂದು ಅತ್ತವರಲ್ಲಿ ದೇವಸ್ಥಾನದ ಮೆಟ್ಟಿಲು ಹತ್ತದ ಯುವಕರು ಎಷ್ಟೋ ಮಂದಿ.

ಸಿಟ್ಟು ಎಲ್ಲಿಗೆ ಹೋಯಿತು ಎಂದರೆ, ಇದನ್ನು "ರಾತ್ರಿ ತಂಗುವ ಆಸರೆ" ಎಂದು ಸಮರ್ಥಿಸಿದ ಹರ್ಟ್ಸಲ್ ಜೊತೆಗಾರ ಮ್ಯಾಕ್ಸ್ ನೊರ್ಡಾವ್ ಅವರ ಮೇಲೆ 1903ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಯುವಕ ಗುಂಡು ಹಾರಿಸಿದ. ಅವರು ಬದುಕಿಕೊಂಡರು.

ನೋಡಿಬರಲು ಹೋದವರು ಮೂರು ಜನ: ಬ್ರಿಟಿಷ್ ಮೇಜರ್ ಗಿಬ್ಬನ್ಸ್, ಸ್ವಿಸ್ ತಜ್ಞ ಆಲ್ಫ್ರೆಡ್ ಕೈಸರ್, ರಷ್ಯಾದ ಯಹೂದಿ ಎಂಜಿನಿಯರ್ ನಾಹುಮ್ ವಿಲ್ಬುಶ್. ವಿಲ್ಬುಶ್‌ಗೆ ಮೊದಲೇ ಮನಸ್ಸಿರಲಿಲ್ಲ, ಇಲ್ಲಿ ಏನೂ ಸಾಧ್ಯವಿಲ್ಲ ಎಂದು ಬರೆದರು. 1905ರ ಏಳನೇ ಕಾಂಗ್ರೆಸ್ ಯೋಜನೆ ಕೈಬಿಟ್ಟಿತು. ಅದಕ್ಕೆ ಒಪ್ಪದ ಇಂಗ್ಲೆಂಡಿನ ಲೇಖಕ ಇಸ್ರೇಲ್ ಜಾಂಗ್‌ವಿಲ್ ಹೊರಬಂದು ಬೇರೆ ಸಂಘಟನೆ ಕಟ್ಟಿದರು. ಎಲ್ಲಾದರೂ ಸರಿ, ಸ್ವಂತ ಆಡಳಿತ ಇರುವ ನೆಲ ಬೇಕು ಅನ್ನುವುದು ಅವರ ಗುರಿ. ಲಿಬಿಯಾದ ಸಿರೆನೈಕಾ ನೋಡಿದರು, ನೀರಿಲ್ಲ. ಪೋರ್ಚುಗೀಸರ ಅಂಗೋಲಾ ನೋಡಿದರು, ಕೂಡಿಬರಲಿಲ್ಲ. ಕೊನೆಗೆ ಕೈಗೂಡಿದ್ದು ಅಮೆರಿಕದ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿಗೆ ಜನರನ್ನು ಇಳಿಸುವ ಕೆಲಸ ಮಾತ್ರ. 1907ರಿಂದ 1914ರ ತನಕ ಸುಮಾರು 10 ಸಾವಿರ ಜನ. ರಾಜ್ಯ ಸಿಗಲಿಲ್ಲ, ಮನೆ ಸಿಕ್ಕಿತು.

ಪಿಯು_ಮೇಷ್ಟ್ರು

ಅರ್ಜೆಂಟೀನಾ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. 1889ರಲ್ಲಿ 'ವೆಸರ್' ಎಂಬ ಹಡಗಿನಲ್ಲಿ ಎಂಟುನೂರಕ್ಕೂ ಹೆಚ್ಚು ಯಹೂದಿಗಳು ಬ್ಯೂನಸ್ ಐರಿಸ್‌ಗೆ ಬಂದಿಳಿದರು. ಮಾತು ಕೊಟ್ಟಿದ್ದ ಜಮೀನು ಸಿಗಲಿಲ್ಲ. ಸಾಂತಾ ಫೆ ಪ್ರಾಂತ್ಯದ ಒಂದು ರೈಲು ನಿಲ್ದಾಣದ ಶೆಡ್ಡುಗಳಲ್ಲಿ ದಿನ ದೂಡಿದರು. ಅಲ್ಲಿ ಜ್ವರ ಬಂದು ಹತ್ತಾರು ಮಕ್ಕಳು ಸತ್ತರು. ಆಮೇಲೆ ಕಟ್ಟಿದ ಊರೇ ಮೊಯ್ಸೆಸ್ ವಿಲ್, ಮೋಸೆಸ್ ಪ್ರವಾದಿಯ ಹೆಸರಿನದು. ಇವರ ಪಾಡು ತಿಳಿದ ಬ್ಯಾರನ್ ಮೌರಿಸ್ ಡಿ ಹಿರ್ಶ್ 1891ರಲ್ಲಿ ಒಂದು ವಸಾಹತು ಸಂಸ್ಥೆ ತೆರೆದು, ತಮ್ಮ ಆಸ್ತಿಯ ದೊಡ್ಡ ಪಾಲನ್ನು ಅದಕ್ಕೆ ಸುರಿದರು. ಸಾವಿರಾರು ಯಹೂದಿಗಳು ಅಲ್ಲಿ ರೈತರಾದರು, ಕುದುರೆ ಏರಿ ದನ ಕಾಯುವ ಗೌಚೋಗಳಾದರು.

ಹಿರ್ಶ್ ಅವರಿಗೆ ರಾಜ್ಯ ಬೇಕಿರಲಿಲ್ಲ, ಜನ ನೆಮ್ಮದಿಯಾಗಿ ಉಳುಮೆ ಮಾಡಿಕೊಂಡಿರಲಿ ಅಂತ. 1895ರಲ್ಲಿ ಹರ್ಟ್ಸಲ್ ಹೋಗಿ ಹಿರ್ಶ್ ಅವರನ್ನು ಭೇಟಿಯಾಗಿ ಬರಿಗೈಲಿ ವಾಪಸಾದರು. ಆದರೆ ಹೊಲದಲ್ಲಿ ಮಕ್ಕಳು ನಿಲ್ಲಲಿಲ್ಲ. "ಗೋಧಿ ಬಿತ್ತಿದೆವು, ಡಾಕ್ಟರುಗಳನ್ನು ಕೊಯ್ದೆವು" ಎಂದು ಅಲ್ಲಿಯವರೇ ಹೇಳುವ ಮಾತಿದೆ. ಇದನ್ನು ಸೋಲು ಅಂತೀರಾ? ನನಗೆ ಹಾಗನ್ನಿಸುವುದಿಲ್ಲ. ಅರ್ಜೆಂಟೀನಾದ ಯಹೂದಿಗಳು ಅಲ್ಲಿಯ ಜನರಾಗಿ ಬದುಕಿದ್ದಾರೆ.

ಕೆಂಪು_ಮಣ್ಣು

ಎಲ್ಲರೂ ಯಾವ ಜಾಗ, ಯಾವ ಜಾಗ ಅಂತಿದ್ದೀರಿ. ಜಾಗವೇ ಬೇಡ, ಇದ್ದಲ್ಲೇ ಹಕ್ಕು ಬೇಕು ಅಂದವರನ್ನು ಮರೆಯಬೇಡಿ. ಬಾಸೆಲ್ ಕಾಂಗ್ರೆಸ್ ನಡೆದ ಅದೇ 1897ರ ಅಕ್ಟೋಬರ್‌ನಲ್ಲಿ ರಷ್ಯಾ ಸಾಮ್ರಾಜ್ಯದ ವಿಲ್ನಾದಲ್ಲಿ (ಈಗಿನ ವಿಲ್ನಿಯಸ್) 'ಬುಂಡ್' ಹುಟ್ಟಿತು. ಯಹೂದಿ ಕಾರ್ಮಿಕರ ಸಂಘಟನೆ. ಹೊಲಿಗೆಯವರು, ಚರ್ಮದ ಕೆಲಸದವರು, ಬ್ರಷ್ ಮಾಡುವವರು. ಅವರ ಮಾತು ಯಿಡ್ಡಿಷ್, ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. "ನಮ್ಮ ಅಜ್ಜ ಮುತ್ತಜ್ಜಂದಿರ ಗೋರಿ ಇಲ್ಲಿದೆ, ನಮ್ಮ ದುಡಿಮೆ ಇಲ್ಲಿದೆ, ನಾವ್ಯಾಕೆ ಹೋಗಬೇಕು?" ಇದು ಅವರ ನಿಲುವು. ಇತಿಹಾಸಕಾರ ಸೈಮನ್ ದುಬ್ನೊವ್ ಕಾರ್ಮಿಕ ಪಕ್ಷದವರಲ್ಲ, ಆದರೂ ಅವರ ವಾದ ಇದಕ್ಕೆ ಹತ್ತಿರ. ಇರುವ ದೇಶಗಳಲ್ಲೇ ಯಹೂದಿಗಳು ತಮ್ಮ ಶಾಲೆ, ಭಾಷೆ, ಸಮುದಾಯದ ಆಡಳಿತ ತಾವೇ ನೋಡಿಕೊಳ್ಳಲಿ ಎಂದರು.

ಇದು ನಾಲ್ಕು ಜನರ ಕನಸಾಗಿರಲಿಲ್ಲ. 1938ರ ಕೊನೆಯಲ್ಲಿ ವಾರ್ಸಾ ಮತ್ತು ಲೋಡ್ಜ್ ನಗರಸಭೆ ಚುನಾವಣೆಗಳಲ್ಲಿ ಯಹೂದಿ ಪಕ್ಷಗಳ ಪೈಕಿ ಗೆದ್ದು ಬಂದದ್ದು ಬುಂಡ್. ಅಂದರೆ ಪೋಲೆಂಡಿನ ಅತಿ ದೊಡ್ಡ ಯಹೂದಿ ಊರುಗಳಲ್ಲಿ, ಮಹಾಯುದ್ಧದ ಹೊಸ್ತಿಲಲ್ಲಿ, ಜನ ಆರಿಸಿದ್ದು "ಇಲ್ಲೇ ಇರುತ್ತೇವೆ" ಅಂದವರನ್ನು. ಆಮೇಲೆ ಏನಾಯಿತು ಎಲ್ಲರಿಗೂ ಗೊತ್ತು. ದುಬ್ನೊವ್ ಅವರನ್ನು 1941ರ ಡಿಸೆಂಬರ್‌ನಲ್ಲಿ ರೀಗಾದಲ್ಲಿ ನಾಜಿಗಳು ಕೊಂದರು. 81 ವರ್ಷದ ಮುದುಕರು. ಬುಂಡ್ ನಾಯಕರಾದ ಹೆನ್ರಿಕ್ ಎರ್ಲಿಕ್ ಮತ್ತು ವಿಕ್ಟರ್ ಆಲ್ಟರ್ ಸೋವಿಯತ್ ಸೆರೆಯಲ್ಲಿ ಜೀವ ಬಿಟ್ಟರು.

"ನೋಡಿ, ಅವರ ದಾರಿ ತಪ್ಪು ಎಂದು ಸಾಬೀತಾಯಿತು" ಎಂದು ಕೆಲವರು ಹೇಳುವುದು ಕೇಳಿದಾಗ ನನಗೆ ತುಂಬಾ ಬೇಸರವಾಗುತ್ತದೆ. ಕೊಂದವರ ತಪ್ಪನ್ನು ಸತ್ತವರ ತಲೆಗೆ ಕಟ್ಟಬಾರದು.

ಶಿರಸಿ_ಮಳೆ

@ಕೆಂಪು_ಮಣ್ಣು ಸೋವಿಯತ್ ಹೆಸರು ಬಂದದ್ದಕ್ಕೆ ಬಿರೊಬಿಜಾನ್ ಕತೆ ಹೇಳುತ್ತೇನೆ. ಜಾಸ್ತಿ ಜನಕ್ಕೆ ಇದು ಗೊತ್ತೇ ಇಲ್ಲ: ಯಹೂದಿಗಳ ಹೆಸರಿನ ಆಡಳಿತ ಪ್ರದೇಶ ಇಸ್ರೇಲಿಗಿಂತ ಮೊದಲೇ ಹುಟ್ಟಿತ್ತು. ಈಗಲೂ ಇದೆ. ರಷ್ಯಾದ ಪೂರ್ವದ ತುದಿ, ಅಮೂರ್ ನದಿಯ ದಡ, ಆಚೆಗೆ ಚೀನಾ. 1928ರಲ್ಲಿ ಜನರನ್ನು ಕಳಿಸಲು ಶುರು ಮಾಡಿದರು, 1934ರ ಮೇ ತಿಂಗಳಲ್ಲಿ ಯಹೂದಿ ಸ್ವಾಯತ್ತ ಪ್ರಾಂತ್ಯ ಎಂದು ಘೋಷಿಸಿದರು. ಸ್ಟಾಲಿನ್ ಸರ್ಕಾರಕ್ಕೆ ಎರಡು ಲೆಕ್ಕಾಚಾರ: ಗಡಿಯಲ್ಲಿ ಜನ ತುಂಬಬೇಕು, ಜಿಯೋನಿಸಂಗೆ ಪೈಪೋಟಿ ಕೊಡಬೇಕು.

ರೈಲಿಳಿದವರಿಗೆ ಕಂಡದ್ದು ಜೌಗು ನೆಲ, ಸೊಳ್ಳೆ, ಮೈ ಕೊರೆಯುವ ಚಳಿ. ಮೊದಮೊದಲು ಬಂದವರಲ್ಲಿ ಅರ್ಧಕ್ಕರ್ಧ ಜನ ವಾಪಸ್ ಹೋದರು. ಉಳಿದವರು ಮಾತ್ರ ನಿಜವಾದ ಊರು ಕಟ್ಟಿದರು. ಯಿಡ್ಡಿಷ್ ಶಾಲೆ, ಯಿಡ್ಡಿಷ್ ನಾಟಕಶಾಲೆ, 1930ರಿಂದ 'ಬಿರೊಬಿಜಾನರ್ ಶ್ಟೆರ್ನ್' ಪತ್ರಿಕೆ. ಅರ್ಜೆಂಟೀನಾ, ಅಮೆರಿಕದಿಂದಲೂ ಕೆಲವರು ಆಸೆಯಿಂದ ಬಂದರು. ಆದರೆ 1939ರ ಜನಗಣತಿಯಲ್ಲೂ ಅಲ್ಲಿ ಯಹೂದಿಗಳು 18 ಸಾವಿರಕ್ಕಿಂತ ಕಡಿಮೆ, ಒಟ್ಟು ಜನಸಂಖ್ಯೆಯ ಆರನೇ ಒಂದು ಪಾಲು. ಅಷ್ಟರಲ್ಲಾಗಲೇ ಪ್ರಾಂತ್ಯದ ಮೊದಲ ಮುಖ್ಯಸ್ಥ ಯೋಸಿಫ್ ಲಿಬರ್‌ಬರ್ಗ್ ಅವರನ್ನು ಸ್ಟಾಲಿನ್‌ನ ಪೊಲೀಸರು ಗುಂಡಿಟ್ಟು ಕೊಂದಿದ್ದರು. ಯುದ್ಧದ ನಂತರ ಸ್ವಲ್ಪ ಜೀವ ಬಂತು, ಮತ್ತೆ ಬಂಧನಗಳು. ಶಾಲೆ, ನಾಟಕಶಾಲೆ ಮುಚ್ಚಿದವು.

ಊರಿನ ರೈಲು ನಿಲ್ದಾಣದ ಮೇಲೆ ಇವತ್ತಿಗೂ ಯಿಡ್ಡಿಷ್‌ನಲ್ಲಿ ಹೆಸರಿದೆ. ಪ್ರಾಂತ್ಯದಲ್ಲಿ ಯಹೂದಿಗಳು ಈಗ ಸಾವಿರಕ್ಕೂ ಕಡಿಮೆ.

ಜೈತೂನ್_ಮರ

ಇದನ್ನೆಲ್ಲ ಓದಿದೆ, ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಪ್ಯಾಲೆಸ್ಟೈನ್‌ನ ಜನರ ಮಾತು ಎಲ್ಲಿ? ಅವರು ಆಗ ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ.

ಯೂಸುಫ್ ದಿಯಾ ಅಲ್-ಖಾಲಿದಿ ಜೆರುಸಲೇಮಿನ ಮೇಯರ್ ಆಗಿದ್ದವರು. 1899ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮುಖ್ಯ ರಬ್ಬಿಗೆ ಅವರು ಒಂದು ಕಾಗದ ಬರೆದರು. ಅದು ಹರ್ಟ್ಸಲ್ ಕೈಗೆ ಹೋಯಿತು. ಯಹೂದಿಗಳ ಸಂಕಟ ನನಗೆ ಅರ್ಥವಾಗುತ್ತದೆ, ಆ ನೆಲಕ್ಕೂ ಅವರಿಗೂ ಹಳೆಯ ಸಂಬಂಧ ಇರುವುದೂ ನಿಜ ಎಂದು ಒಪ್ಪಿಕೊಂಡೇ ಅವರು ಕೇಳಿದರು: ಇಲ್ಲಿ ಜನ ಇದ್ದಾರೆ, ಜಗತ್ತು ದೊಡ್ಡದು, ಜನವಿಲ್ಲದ ಬೇರೆ ಜಾಗ ನೋಡಿಕೊಳ್ಳಿ, ದೇವರ ಮೇಲಾಣೆ ಪ್ಯಾಲೆಸ್ಟೈನನ್ನು ಅದರ ಪಾಡಿಗೆ ಬಿಡಿ. ನಾವು ಇಲ್ಲಿ ಚರ್ಚಿಸುತ್ತಿರುವ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಆ ನೆಲದವರೇ ಒಬ್ಬರಿದ್ದರು ಅಂತಾಯಿತು. ಹರ್ಟ್ಸಲ್ ಉತ್ತರ ಬರೆದರು. ನಮ್ಮವರು ಬಂದರೆ ದುಡ್ಡು ಬರುತ್ತದೆ, ನಿಮಗೂ ಒಳ್ಳೆಯದಾಗುತ್ತದೆ ಎಂದರು. ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ.

ಯಹೂದಿಗಳಲ್ಲೂ ಇದನ್ನು ಕಂಡವರಿದ್ದರು. ಲೇಖಕ ಅಹಾದ್ ಹಆಮ್ 1891ರಲ್ಲಿ ಪ್ಯಾಲೆಸ್ಟೈನ್ ನೋಡಿಬಂದು, ಉಳದೆ ಬಿಟ್ಟ ನೆಲ ಅಲ್ಲಿ ಸಿಗುವುದು ಕಷ್ಟ ಎಂದು ಬರೆದರು. ಜಾಂಗ್‌ವಿಲ್ ಕೂಡ ಅಲ್ಲಿ ಅರಬರು ತುಂಬಿದ್ದಾರೆ ಎಂದು ಬಹಿರಂಗವಾಗಿ ಹೇಳಿದವರು. ಆದರೆ ಅದೇ ಜಾಂಗ್‌ವಿಲ್ ಆಮೇಲೆ ಅರಬರನ್ನೇ ಬೇರೆ ಕಡೆಗೆ ಸಾಗಿಸಬೇಕು ಎಂದೂ ವಾದಿಸಿದರು. 1922ರ ಬ್ರಿಟಿಷ್ ಜನಗಣತಿಯಲ್ಲಿ ಪ್ಯಾಲೆಸ್ಟೈನ್‌ನ ಜನಸಂಖ್ಯೆ ಸುಮಾರು 7 ಲಕ್ಷ 57 ಸಾವಿರ, ಅದರಲ್ಲಿ ಯಹೂದಿಗಳು ಸುಮಾರು 84 ಸಾವಿರ. 1948ರಲ್ಲಿ, ಇಸ್ರೇಲ್ ಹುಟ್ಟಿದ ಯುದ್ಧದಲ್ಲಿ, ಏಳು ಲಕ್ಷದಷ್ಟು ಪ್ಯಾಲೆಸ್ಟೈನಿಯನ್ನರು ಮನೆ ಕಳೆದುಕೊಂಡರು. ಕೀನ್ಯಾದ ನಂದಿ ಜನರ ಬಗ್ಗೆ ನೈರೋಬಿಯವರು ಬರೆದದ್ದು ಸರಿ, ಅವರನ್ನು ಕೇಳಲಿಲ್ಲ. ಇವರನ್ನೂ ಕೇಳಲಿಲ್ಲ.

ಹಳೇಬೀಡಿನ_ಪುಟ್ಟ

ಇಬ್ಬರೂ ಒಟ್ಟಿಗೆ ಇರುವ ಒಂದೇ ದೇಶ ಅನ್ನುವ ಯೋಚನೆ ಯಾರಿಗೂ ಬರಲಿಲ್ವಾ?

ಪಿಯು_ಮೇಷ್ಟ್ರು

ಬಂತು ಪುಟ್ಟ. 1925ರಲ್ಲಿ ಜೆರುಸಲೇಮಿನಲ್ಲಿ 'ಬ್ರಿತ್ ಶಾಲೋಮ್' ಎಂಬ ಚಿಕ್ಕ ಗುಂಪು ಹುಟ್ಟಿತು. 1942ರಲ್ಲಿ ಹೀಬ್ರೂ ವಿಶ್ವವಿದ್ಯಾಲಯದ ಮುಖ್ಯಸ್ಥ ಜೂಡಾ ಮ್ಯಾಗ್ನೆಸ್, ತತ್ವಜ್ಞಾನಿ ಮಾರ್ಟಿನ್ ಬೂಬರ್ ಸೇರಿ 'ಇಹುದ್' ಕಟ್ಟಿದರು. ಅರಬರು, ಯಹೂದಿಗಳು ಸಮಾನ ಹಕ್ಕಿನಿಂದ ಆಳುವ ಒಂದೇ ದೇಶ ಬೇಕು ಎಂದರು. ಇವರು ಜಿಯೋನಿಸ್ಟರೇ ಅನ್ನುವುದನ್ನು ಗಮನಿಸಿ. ಆದರೆ ಅವರ ಹಿಂದೆ ಜನ ಇರಲಿಲ್ಲ, ಅರಬ್ ಕಡೆಯಿಂದಲೂ ಜೊತೆ ಸಿಕ್ಕಿದ್ದು ಕಡಿಮೆ.

ಇಲ್ಲಿ ಭಾರತದ ಪಾತ್ರವೂ ಇದೆ. 1938ರ ನವೆಂಬರ್‌ನಲ್ಲಿ ಗಾಂಧೀಜಿ 'ಹರಿಜನ'ದಲ್ಲಿ ಯಹೂದಿಗಳ ಬಗ್ಗೆ ಬರೆದರು. ಅವರ ಮೇಲೆ ಸಹಾನುಭೂತಿಯಿದೆ, ಆದರೆ ಪ್ಯಾಲೆಸ್ಟೈನ್ ಅರಬರದು ಎಂದರು. ಜರ್ಮನಿಯ ಯಹೂದಿಗಳು ಸತ್ಯಾಗ್ರಹ ಮಾಡಲಿ ಎಂದೂ ಹೇಳಿದರು. ಬೂಬರ್ ಮತ್ತು ಮ್ಯಾಗ್ನೆಸ್ ನೋವಿನಿಂದ ಉತ್ತರ ಬರೆದರು. ಗಾಂಧೀಜಿ ನಾಜಿಗಳ ಕ್ರೌರ್ಯವನ್ನು ಅಳೆದದ್ದರಲ್ಲಿ ಎಡವಿದರು ಎಂದೇ ನನ್ನ ಅಭಿಪ್ರಾಯ. 1947ರಲ್ಲಿ ವಿಶ್ವಸಂಸ್ಥೆ 11 ದೇಶಗಳ ಸಮಿತಿ ಮಾಡಿದಾಗ ಭಾರತವೂ ಅದರಲ್ಲಿತ್ತು. ಏಳು ದೇಶ ವಿಭಜನೆ ಎಂದವು. ಭಾರತ, ಇರಾನ್, ಯುಗೊಸ್ಲಾವಿಯ ಮಾತ್ರ ಒಂದೇ ಒಕ್ಕೂಟ ದೇಶ ಆಗಲಿ ಎಂದು ಬೇರೆ ವರದಿ ಕೊಟ್ಟವು. ನವೆಂಬರ್ 29ರಂದು 33–13 ಮತಗಳಿಂದ ವಿಭಜನೆ ಪಾಸಾಯಿತು. ಭಾರತ ವಿರುದ್ಧ ಮತ ಹಾಕಿತು. ನಮ್ಮದೇ ವಿಭಜನೆಯ ರಕ್ತ ಆಗಿನ್ನೂ ಆರಿರಲಿಲ್ಲ.

ಜಯಮಹಲ್_ರಸ್ತೆ

ಇದಕ್ಕೊಂದು ಸಣ್ಣ ಸೇರ್ಪಡೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನ್‌ನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದದ್ದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧ್‌ಪುರ ಲ್ಯಾನ್ಸರ್ಸ್. ಕಾರ್ಮೆಲ್ ಗುಡ್ಡದ ಮೇಲಿದ್ದ ಫಿರಂಗಿಗಳಿಗೆ ನುಗ್ಗಿದವರು ನಮ್ಮ ಮೈಸೂರಿನ ಕುದುರೆ ಸವಾರರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಪ್ಯಾಲೆಸ್ಟೈನ್ ಬ್ರಿಟಿಷರ ಕೈಗೆ ಬಂದದ್ದರಲ್ಲಿ, ಬಾಲ್ಫರ್ ಘೋಷಣೆಗೆ (ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳಿಗೆ ನೆಲೆ ಕಟ್ಟಲು ನೆರವಾಗುತ್ತೇವೆ ಎಂದು 1917ರಲ್ಲಿ ಬ್ರಿಟನ್ ಕೊಟ್ಟ ಮಾತು) ಕಾಲೂರಲು ನೆಲ ಸಿಕ್ಕಿದ್ದರಲ್ಲಿ, ಕನ್ನಡದ ಹುಡುಗರ ರಕ್ತವೂ ಇದೆ. ಅವರಿಗೆ ಇದ್ಯಾವುದೂ ಗೊತ್ತಿರಲಿಕ್ಕಿಲ್ಲ.

ಶರಾವತಿ_ತೀರ

ಎಲ್ಲರಿಗೂ ಧನ್ಯವಾದ. ಬಾಲ್ಫರ್ ಹೆಸರು ಬಂದದ್ದರಿಂದ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ.

1903ರಲ್ಲಿ ಪೂರ್ವ ಆಫ್ರಿಕಾದ ಜಾಗ ತೋರಿಸಿದಾಗ ಬ್ರಿಟನ್ನಿನ ಪ್ರಧಾನಿ ಇದೇ ಆರ್ಥರ್ ಬಾಲ್ಫರ್. ಆ ಯೋಜನೆಯ ಕರಡು ಬರೆದದ್ದು ವಕೀಲ ಲಾಯ್ಡ್ ಜಾರ್ಜ್ ಅವರ ಕಚೇರಿ. 1917ರ ನವೆಂಬರ್ 2ರ ಘೋಷಣೆ ಹೊರಬಂದಾಗ ಲಾಯ್ಡ್ ಜಾರ್ಜ್ ಪ್ರಧಾನಿ, ಬಾಲ್ಫರ್ ವಿದೇಶಾಂಗ ಮಂತ್ರಿ. ಈ ಎರಡರ ನಡುವೆ, 1905ರಲ್ಲಿ, ಬಾಲ್ಫರ್ ಸರ್ಕಾರವೇ ಒಂದು ಕಾನೂನು ತಂದಿತು. ಪೂರ್ವ ಯುರೋಪಿನ ಬಡ ಯಹೂದಿಗಳು ಇಂಗ್ಲೆಂಡಿಗೆ ಬರದ ಹಾಗೆ ತಡೆಯುವುದೇ ಅದರ ಮುಖ್ಯ ಉದ್ದೇಶ. ಆಫ್ರಿಕಾದಲ್ಲಿ ಜಾಗ ಇದೆ, ಪ್ಯಾಲೆಸ್ಟೈನ್‌ನಲ್ಲಿ ಜಾಗ ಇದೆ, ಲಂಡನ್ನಿನಲ್ಲಿ ಇಲ್ಲ.

ಜನ ತಾವಾಗಿ ಎಲ್ಲಿಗೆ ಹೋದರು ನೋಡಿ. 1881ರಿಂದ 1914ರ ನಡುವೆ ಸುಮಾರು 20 ಲಕ್ಷ ಯಹೂದಿಗಳು ಪೂರ್ವ ಯುರೋಪ್ ಬಿಟ್ಟು ಅಮೆರಿಕಕ್ಕೆ ಹೋದರು. ಪ್ಯಾಲೆಸ್ಟೈನ್‌ಗೆ ಹೋದವರು ಅದರ ಮುಂದೆ ಬೆರಳೆಣಿಕೆ. ಯಾವ ಕಾಂಗ್ರೆಸ್ಸೂ ಠರಾವು ಮಾಡದ ಪರ್ಯಾಯ ಅದು. ಧ್ವಜ ಇಲ್ಲ, ಗಡಿ ಇಲ್ಲ, ಬರೀ ಹಡಗಿನ ಟಿಕೆಟ್ಟು. 1924ರ ಅಮೆರಿಕದ ವಲಸೆ ಕಾನೂನು ಆ ಬಾಗಿಲನ್ನೂ ಮುಚ್ಚಿತು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ನಿರಾಶ್ರಿತ ಯಹೂದಿಗಳ ಬಗ್ಗೆ ಕೂತು ಮಾತಾಡಿದವು. ಹೆಚ್ಚೂ ಕಡಿಮೆ ಎಲ್ಲರೂ ಕೈ ಚೆಲ್ಲಿದರು. ಡೊಮಿನಿಕನ್ ರಿಪಬ್ಲಿಕ್ ಮಾತ್ರ ಬನ್ನಿ ಎಂದಿತು, ಅಲ್ಲಿಗೂ ಕೆಲವು ನೂರು ಜನರಷ್ಟೇ ತಲುಪಿದರು. 1939ರಲ್ಲಿ ಬ್ರಿಟನ್ ಪ್ಯಾಲೆಸ್ಟೈನ್ ಬಾಗಿಲನ್ನೂ ಅರ್ಧ ಮುಚ್ಚಿ, ಐದು ವರ್ಷಕ್ಕೆ 75 ಸಾವಿರ ಜನ ಸಾಕು ಎಂದಿತು.

ಹಾಗಾಗಿ ನನ್ನ ಉತ್ತರ ಇದು: ಪ್ಯಾಲೆಸ್ಟೈನ್‌ಗೆ ಇದ್ದ ನಿಜವಾದ ಪರ್ಯಾಯ ಉಗಾಂಡಾ ಅಲ್ಲ, ನ್ಯೂಯಾರ್ಕ್. ಅದನ್ನು ಮುಚ್ಚಿದವರು ಅರಬರಲ್ಲ, ಯಹೂದಿಗಳೂ ಅಲ್ಲ.

ನೈರೋಬಿ_ಕನ್ನಡಿಗ

ಮೇಡಂ, ಒಪ್ಪಿದೆ. ಆದರೆ ಆಸ್ಟ್ರೇಲಿಯಾದಲ್ಲೂ ಒಂದು ಯೋಜನೆ ಇತ್ತು ಎಂದು ಓದಿದ್ದೆ. ಅದೇನಾಯಿತು?

ಶರಾವತಿ_ತೀರ

ಹೌದು, ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕಿಂಬರ್ಲಿ. ಐಸಾಕ್ ಸ್ಟೈನ್‌ಬರ್ಗ್ ಎಂಬವರು 1939ರಲ್ಲಿ ಅಲ್ಲಿಗೆ ಹೋದರು. ಲೆನಿನ್ ಸರ್ಕಾರದಲ್ಲಿ ಕೆಲವು ತಿಂಗಳು ನ್ಯಾಯಮಂತ್ರಿಯಾಗಿದ್ದವರು, ಅಷ್ಟೇ ಶ್ರದ್ಧೆಯ ಆಚಾರವಂತ ಯಹೂದಿ. ಡ್ಯುರಾಕ್ ಕುಟುಂಬದ ದೊಡ್ಡ ದನಗಾವಲು ಕೊಂಡು 75 ಸಾವಿರ ನಿರಾಶ್ರಿತರನ್ನು ಕೂರಿಸುವ ಯೋಜನೆ. ರಾಜ್ಯ ಬೇಡ, ಆಸರೆ ಸಾಕು ಎಂದರು. ಚರ್ಚಿನವರು, ಕಾರ್ಮಿಕ ಸಂಘದವರು, ಪತ್ರಿಕೆಯವರು ಎಷ್ಟೋ ಜನ ಬೆಂಬಲಕ್ಕೆ ನಿಂತರು. ಅಲ್ಲಿಯೂ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ ಅನ್ನುವುದನ್ನು ಮರೆಯುವ ಹಾಗಿಲ್ಲ. 1944ರಲ್ಲಿ ಪ್ರಧಾನಿ ಜಾನ್ ಕರ್ಟಿನ್ ಆಗುವುದಿಲ್ಲ ಎಂದು ಉತ್ತರ ಕೊಟ್ಟರು. ಪರದೇಶದವರು ಒಂದೇ ಕಡೆ ಗುಂಪಾಗಿ ನೆಲೆಸುವುದಕ್ಕೆ ತಮ್ಮ ದೇಶದ ನೀತಿ ಒಪ್ಪುವುದಿಲ್ಲ ಎಂದು. ಆ ಹೊತ್ತಿಗೆ, ಆ ಗಾವಲಿಗೆ ಬರಬಹುದಾಗಿದ್ದ ಜನರಲ್ಲಿ ಹೆಚ್ಚಿನವರು ಸತ್ತಾಗಿತ್ತು.